ಮೇ ಹನ್ನೊಂದರ ಪುಟ

ಕನ್ನಡಕ ಬದಲಾಯಿಸಿದ ಮೇಲೆ ಬರೆಯೋಣ, ಮೊಮ್ಮಗಳ ಮದುವೆ ಮುಗಿಯಲಿ, ಬಿಸಿಲು ಇಳಿಯಲಿ ಎಂದು ಇದನ್ನು ಐವತ್ತು ವರ್ಷಕ್ಕೂ ಹೆಚ್ಚು ಕಾಲ ಮುಂದಕ್ಕೆ ಹಾಕಿದ್ದೇನೆ. ಈಗ ಕನ್ನಡಕ ಬದಲಾಗಿದೆ, ಮದುವೆ ಮುಗಿದಿದೆ, ಬಿಸಿಲೂ ಇಳಿದಿದೆ. ಬೇರೆ ನೆಪ ಹೊಳೆಯದ್ದರಿಂದ ಬರೆಯುತ್ತಿದ್ದೇನೆ.

ಶಿರಾದ ಮೈಕ್ ಸಾಬರು ಹಾಡು ಹಾಕುವ ಮೊದಲು ಮೈಕಿಗೆ ಎರಡು ಸಲ ಉಫ್ ಉಫ್ ಎಂದು ಊದಿ, ತಾರೀಖು ಹೇಳುತ್ತಿದ್ದರು. "ಇವತ್ತು ಮೇ ಹನ್ನೊಂದು. ಈಗ ಹಾಕ್ತಾ ಇರೋ ಪ್ಲೇಟು ನಮ್ ಸೀಮೆಗೆ ಮೊದ್ಲು ಕೇಳ್ಸಿದ್ದು ಮೂರು ವರ್ಸದ ಹಿಂದೆ ಇದೇ ದಿನ, ಮಿಡಿಗೇಶಿಲಿ. ಸಾಕ್ಷಿ, ಕೆಂಪಮ್ಮ." ಅಷ್ಟು ಹೇಳಿದ ಮೇಲೆಯೇ ಗ್ರಾಮಫೋನಿನ ಮುಳ್ಳು ಪ್ಲೇಟಿನ ಮೇಲೆ ಇಳಿಯುತ್ತಿತ್ತು. ಕೊರಟಗೆರೆಯ ಒಂದು ಮದುವೆಯಲ್ಲಿ ತಾಳಿ ಕೈಯಲ್ಲಿ ಹಿಡಿದ ಪುರೋಹಿತರು ಕಾದು ಕಾದು, "ಸಾಬ್ರೇ, ಮುಹೂರ್ತ ಮೀರ್ತದೆ" ಎಂದು ಕೂಗಿದರು. "ಒಂದ್ ನಿಮ್ಸ ಸ್ವಾಮಿ, ಸಾಕ್ಷಿ ಹೆಸ್ರು ಒಂದು ಬಾಕಿ ಐತೆ" ಎಂದು ಹಾರನ್ನಿನಿಂದ ಉತ್ತರ ಬಂತು. ಆ ಉತ್ತರ ಪಕ್ಕದ ಊರಿಗೂ ಕೇಳಿಸಿರಬೇಕು.

ಸಾಹೇಬರ ಬಳಿ ಕೀ ಕೊಡುವ ಗ್ರಾಮಫೋನು, ಬ್ಯಾಟರಿಯಲ್ಲಿ ನಡೆಯುವ ಮೈಕ್ ಸೆಟ್ಟು, ಎರಡು ಹಾರನ್ನು, ಮೂರು ಪೆಟ್ಟಿಗೆ ಪ್ಲೇಟುಗಳಿದ್ದವು. ಐವತ್ತರ ದಶಕದ ಕೊನೆಯಲ್ಲಿ ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳ ಮದುವೆಗಳಿಗೆ ಅವರದೇ ಹಾಡು. ಯಾವ ಹಾಡು ಯಾವ ದಾರಿಯಲ್ಲಿ ಬಂತೆಂಬುದು ಅವರಿಗೆ ಬಾಯಿಪಾಠವಾಗಿತ್ತು. ಹಿಂದಿ ಹಾಡು ಮೊದಲು ಶಿರಾಕ್ಕೆ, ತೆಲುಗು ಹಾಡು ಮೊದಲು ಪಾವಗಡಕ್ಕೆ, ಕನ್ನಡ ಹಾಡು ಕೊರಟಗೆರೆಗೆ. ಮಧುಗಿರಿಗೆ ಎಲ್ಲವೂ ಬರುತ್ತಿದ್ದವು, ತಡವಾಗಿ. "ಯಾಕೆ ಸಾಹೇಬ್ರೇ?" ಎಂದರೆ, "ಅಷ್ಟು ದೊಡ್ ಬೆಟ್ಟ ಅಡ್ಡ ಕುಂತೈತಲ್ಲ ಮುನ್ಷಿ, ಹಾಡು ಸುತ್ಕೊಂಡು ಬರ್ಬೇಕು" ಎನ್ನುತ್ತಿದ್ದರು.

ಮುನ್ಷಿ ಎಂದರೆ ನಾನು. ಹೈಸ್ಕೂಲು ಮುಗಿಸಿ ಶಿರಾದ ಒಂದು ಸರ್ಕಾರಿ ಕಚೇರಿಯಲ್ಲಿ ನಕಲು ಬರೆಯುವ ಗುಮಾಸ್ತನಾಗಿ ಸೇರಿದ್ದೆ. ಸಾಹೇಬರಿಗೆ ಓದು ಬರಹ ಬರುತ್ತಿರಲಿಲ್ಲ. ಆದರೆ ಒಂದು ಪುಸ್ತಕವಿತ್ತು. ದಪ್ಪ ರಟ್ಟು, ಹಸಿರು ಬಟ್ಟೆಯ ಹೊದಿಕೆ, ವರ್ಷದ ಪ್ರತಿ ತಾರೀಖಿಗೂ ಒಂದು ಪುಟ. ಮೇ ಹನ್ನೊಂದರಂದು ಯಾವ ವರ್ಷ ಏನೇ ನಡೆದರೂ ಮೇ ಹನ್ನೊಂದರ ಪುಟದಲ್ಲೇ, ಹೋದ ವರ್ಷದ ಸಾಲಿನ ಕೆಳಗೆ ಬರೆಯಬೇಕು. ಇಂಗ್ಲಿಷ್ ತಾರೀಖೇ ಏಕೆ ಎಂದು ಕೇಳಿದೆ. "ನಿಮ್ ಪಂಚಾಂಗ ಓಡಾಡ್ತದೆ. ನಮ್ ಚಂದ್ರ ಅದಕ್ಕಿಂತ ಜಾಸ್ತಿ ಓಡಾಡ್ತಾನೆ. ಕುಂತ ಕಡೆ ಕುಂತಿರೋದು ಇದೊಂದೇ" ಎಂದರು.

ಸಾಯಂಕಾಲ ಕಚೇರಿ ಮುಗಿಸಿ ಅವರ ಅಂಗಡಿಯ ಬೆಂಚಿನ ಮೇಲೆ ಕೂತರೆ ಟೀ ಬರುತ್ತಿತ್ತು. ಅವರು ಕಣ್ಣು ಮುಚ್ಚಿ ಹೇಳುತ್ತಿದ್ದರು, ನಾನು ಬರೆಯುತ್ತಿದ್ದೆ. ರಜೆಯ ದಿನ ಮದುವೆಗಳಿಗೂ ಕರೆದೊಯ್ಯುತ್ತಿದ್ದರು. ಸಾಕ್ಷಿ ಇಲ್ಲದೆ ಒಂದು ಸಾಲೂ ಪುಸ್ತಕಕ್ಕೆ ಹೋಗಕೂಡದು ಎಂಬುದು ಅವರ ಕಾನೂನು. ಮಿಡಿಗೇಶಿಗೆ ಒಂದು ಹಾಡು ಯಾವ ದಿನ ಬಂತು ಎಂಬುದಕ್ಕೆ ಅವರು ಮುದುಕಿ ಕೆಂಪಮ್ಮನನ್ನು ವಿಚಾರಿಸಿದ್ದು ನನಗೆ ಚೆನ್ನಾಗಿ ನೆನಪಿದೆ.

"ಅವತ್ತೇ ಅಂತ ಹೆಂಗ್ ಹೇಳ್ತೀಯಮ್ಮ?"

"ಹೇಳ್ದೆ ಇನ್ನೇನ್ಲಾ? ನಮ್ ಎಮ್ಮೆ ಈದಿದ್ದು ಅವತ್ತೇ. ನಿನ್ ಹಾರನ್ ಕೂಗ್ದೇಟ್ಗೆ ಕರ ಬಂತು."

"ಎಮ್ಮೆ ಈದ ತಾರೀಖು ಯಾರ್ಗೆ ಗೊತ್ತು?"

"ನಮ್ ಸ್ವಸೇಗ್ ಗೊತ್ತು. ಅವ್ಳೂ ಅವತ್ತೇ ಹೆತ್ಲು."

ಸಾಹೇಬರು ಸೊಸೆಯನ್ನು ಕರೆಸಿ, ಮಗುವಿನ ಹುಟ್ಟಿದ ದಿನ ತಾಳೆ ನೋಡಿ, ನನ್ನತ್ತ ತಿರುಗಿ "ಬರ್ಕೋ" ಎಂದರು. ನಾನು ಎಮ್ಮೆಯನ್ನೂ ಸೇರಿಸಿ ಬರೆದೆ. ಪಾವಗಡದ ಕಡೆ ವಳ್ಳೂರಿನಲ್ಲಿ ಜನ "ಏಮಯ್ಯಾ ಸಾಬೂ, ತಾರೀಖು ಚಾಲು, ಮಾ ಪಾಟ ಪೆಟ್ಟು" ಎಂದು, ತಾರೀಖು ಸಾಕು ನಮ್ಮ ಹಾಡು ಹಾಕು ಎಂದು ತೆಲುಗಿನಲ್ಲಿ ಗಲಾಟೆ ಮಾಡಿದಾಗಲೂ ಇವರದು ಮೊದಲು ತಾರೀಖು, ಆಮೇಲೆ ಸಾಕ್ಷಿ, ಕೊನೆಗೆ ಪಾಟ.

ಮೊದಲ ಎರಡು ವರ್ಷ ನಾನು ಪ್ರಾಮಾಣಿಕವಾಗಿ ಬರೆದೆ. ಆಮೇಲೆ ಬೇಸರ ಬಂತು. ಹಗಲೆಲ್ಲ ಕಚೇರಿಯಲ್ಲಿ ನಕಲು ಬರೆದ ಕೈ. ಚರಿತ್ರೆ ಎಂದರೆ ರಾಜರು, ಯುದ್ಧಗಳು ಎಂದು ಹೈಸ್ಕೂಲಿನಲ್ಲಿ ಕಲಿತಿದ್ದೆ. ಮದುವೆ ಚಪ್ಪರದ ಹಾಡಿಗೆ ಯಾವ ಚರಿತ್ರೆ, ಎಮ್ಮೆ ಯಾವ ಸಾಕ್ಷಿ ಎಂದು ನನ್ನ ಅಭಿಪ್ರಾಯ. ಕಚೇರಿಯಲ್ಲಿ ಮೇಲಿನ ಸಾಲಿನದೇ ವಿಷಯ ಕೆಳಗೂ ಬಂದರೆ 'ಸದರಿ' ಎಂದು ಬರೆದು ಮುಗಿಸುವುದು ವಾಡಿಕೆ. ಒಂದು ಸಾಯಂಕಾಲ ಸಾಹೇಬರು ಕಣ್ಣು ಮುಚ್ಚಿ ಒಂದು ಹೊಸ ಪ್ಲೇಟಿನ ಸಂಗತಿಯನ್ನು ವಿವರವಾಗಿ ಹೇಳಿದರು. ನಾನು 'ಸದರಿ' ಎಂದು ಬರೆದೆ. ಏನೂ ಆಗಲಿಲ್ಲ. ಟೀ ಎಂದಿನಂತೆ ಬಂತು.

ಓದಲು ಬಾರದಿದ್ದರೂ ಪೆನ್ನು ಎಷ್ಟು ಹೊತ್ತು ಓಡಿತು ಎಂಬುದು ಅವರ ಕಿವಿಗೆ ಗೊತ್ತಾಗುತ್ತಿತ್ತು. ಆದ್ದರಿಂದ ನಾಲ್ಕು ಸಾಲಿನಷ್ಟು ಹೊತ್ತು ಒಂದೇ ಸದರಿಯನ್ನು ಬರೆಯುವ ಕಲೆಯನ್ನು ರೂಢಿಸಿಕೊಂಡೆ. ಅಕ್ಷರ ದುಂಡಾಯಿತು. "ಮುನ್ಷಿ ಬರವಣಿಗೆ ನೋಡ್ರಿ, ಮುತ್ತು ಪೋಣ್ಸಿದಂಗೆ ಐತೆ" ಎಂದು ಸಾಹೇಬರು ಅಂಗಡಿಗೆ ಬಂದವರಿಗೆಲ್ಲ ಪುಸ್ತಕದ ರಟ್ಟು ತೋರಿಸುತ್ತಿದ್ದರು. ಪುಸ್ತಕ ಮಾತ್ರ ಬಿಚ್ಚುತ್ತಿರಲಿಲ್ಲ, ಕೈಯ ಎಣ್ಣೆ ಹತ್ತುತ್ತದೆ ಎಂದು. ಹೀಗೆ ಐದು ವರ್ಷ ನಡೆಯಿತು. ಈ ಐದು ವರ್ಷಗಳಲ್ಲಿ ಮದುವೆ ಊಟವನ್ನು ಮಾತ್ರ ನಾನು ಯಾವತ್ತೂ ಸಂಕ್ಷೇಪ ಮಾಡಲಿಲ್ಲ.

ಊರಿನ ಓದುವ ಮನೆಯನ್ನು ನೋಡಿಕೊಳ್ಳುತ್ತಿದ್ದ ನಿವೃತ್ತ ಮೇಷ್ಟ್ರೊಬ್ಬರಿಗೆ ಪುಸ್ತಕದ ಸುದ್ದಿ ಸಿಕ್ಕಿತು. ಒಂದು ದಿನದ ಪುಟವನ್ನು ತೆಗೆದುಕೊಂಡು, ವರ್ಷ ವರ್ಷಕ್ಕೆ ಆ ದಿನ ನಮ್ಮ ಸೀಮೆಗೆ ಬಂದ ಹಾಡುಗಳನ್ನು ಓದಿ, ಒಂದೊಂದನ್ನೂ ಹಾಕಿಸಿ, ಸಾಹೇಬರಿಗೆ ಶಾಲು ಹೊದೆಸಬೇಕು ಎಂದು ಅವರು ಗೊತ್ತುಮಾಡಿದರು. ಯಾವ ಪುಟ ಎಂದು ಕೇಳಿದಾಗ ಸಾಹೇಬರು ಯೋಚಿಸಲೇ ಇಲ್ಲ. "ಮೇ ಹನ್ನೊಂದು ಮೇಷ್ಟ್ರೇ. ಲಗ್ನದ ಕಾಲ. ಆ ಪುಟ ತುಂಬಿ ತುಳ್ಕ್ತೈತೆ."

ತುಳುಕುತ್ತಿದ್ದದ್ದು ಏನೆಂದು ಗೊತ್ತಿದ್ದವನು ನಾನೊಬ್ಬನೇ. ಎಂಟು ದಿನ ಮೊದಲು ಅಂಗಡಿಗೆ ಹೋಗಿ, "ಪುಸ್ತಕ ಕೊಡಿ, ಒಂದ್ಸಲ ತಿದ್ದಿ ತರ್ತೀನಿ" ಎಂದೆ.

"ಬರ್ದಿದ್ದ ತಿದ್ದಬಾರ್ದು ಮುನ್ಷಿ. ತಿದ್ದಿದ್ರೆ ಜನ ನಂಬಾಕಿಲ್ಲ" ಎಂದರು.

ನಿಜ ಹೇಳಲು ಅದು ಒಳ್ಳೆಯ ಸಮಯವಾಗಿತ್ತು. ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ. ನಾನು ಟೀ ಕುಡಿದು ಬಂದೆ.

ಸಮಾರಂಭದ ಸಾಯಂಕಾಲ ಓದುವ ಮನೆಯ ಅಂಗಳದಲ್ಲಿ ಇನ್ನೂರು ಜನ ಸೇರಿದ್ದರು. ಮಿಡಿಗೇಶಿಯಿಂದಲೂ ಒಂದು ಗಾಡಿ ಬಂದಿತ್ತು. ಯಾವಾಗಲೂ ಚಪ್ಪರದ ಹಿಂದೆ ಪೆಟ್ಟಿಗೆಯ ಮೇಲೆ ಕೂರುತ್ತಿದ್ದ ಸಾಹೇಬರು ಅಂದು ಇಸ್ತ್ರಿ ಮಾಡಿದ ಶೇರ್ವಾನಿ ತೊಟ್ಟು ವೇದಿಕೆಯ ಕುರ್ಚಿಯ ಅಂಚಿನಲ್ಲಿ ಕೂತಿದ್ದರು. ಮುಂದಿನ ಸಾಲಿನಲ್ಲಿ ನನ್ನ ಕಚೇರಿಯ ಮೇಲಧಿಕಾರಿ, ಅಮಲ್ದಾರರು. ನನ್ನ ಕೆಲಸ ಇನ್ನೂ ಖಾಯಂ ಆಗಿರಲಿಲ್ಲ.

ಮೇಷ್ಟ್ರು ಪುಸ್ತಕ ಬಿಚ್ಚಿ, ಪುಟ ತೆಗೆದು ಓದಿದರು. ಮೊದಲ ಸಾಲು ಮಿಡಿಗೇಶಿಯದು. ಎಮ್ಮೆಯ ಭಾಗಕ್ಕೆ ಜನ ಚಪ್ಪಾಳೆ ತಟ್ಟಿದರು. ಪ್ಲೇಟು ಹಾಕಿದ್ದಾಯಿತು. ಎರಡನೆಯದು ಮದಲೂರಿನ ಕೆರೆ ಏರಿಯ ಮೇಲೆ ಗಾಡಿ ಮುರಿದು, ದಿಬ್ಬಣ ಅಲ್ಲೇ ಕೂತು ಯುಗಳಗೀತೆಯ ಹೊಸ ಪ್ಲೇಟು ಕೇಳಿದ್ದು. ಮತ್ತೆ ಚಪ್ಪಾಳೆ. ಮೇಷ್ಟ್ರು ಮೂರನೆಯ ವರ್ಷಕ್ಕೆ ಬಂದರು.

"ಸದರಿ" ಎಂದು ಓದಿದರು. ಸ್ವಲ್ಪ ಹೊತ್ತು ಪುಟ ನೋಡಿದರು. "ನಾಲ್ಕನೆಯ ವರ್ಷ. ಸದರಿ. ಐದನೆಯ ವರ್ಷ. ಸದರಿ."

ಹಿಂದಿನಿಂದ ಯಾರೋ, "ಲೇ, ಅದೇ ಎಮ್ಮೆ ವರ್ಸಾ ವರ್ಸಾ ಈಯ್ತದೆ ಕಣ್ಲಾ!" ಎಂದರು. ಅಂಗಳವೆಲ್ಲ ನಕ್ಕಿತು. ಅಮಲ್ದಾರರೂ ನಕ್ಕರು. ಮೇಷ್ಟ್ರು ಪುಟ ಮಗುಚಿ ಹಿಂದೆ ಮುಂದೆ ನೋಡಿ, "ಇದನ್ನು ಬರೆದವರು ಯಾರು?" ಎಂದು ಕೇಳಿದರು. ಸಾಹೇಬರು ಹೆಮ್ಮೆಯಿಂದಲೇ ನನ್ನತ್ತ ಕೈ ತೋರಿಸಿದರು. ಏನಾಗಿದೆ ಎಂದು ಅವರಿಗೆ ಇನ್ನೂ ತಿಳಿದಿರಲಿಲ್ಲ.

ನಾನು ಎದ್ದು ನಿಂತೆ. ಅಮಲ್ದಾರರು ತಿರುಗಿ ನೋಡಿದರು. "ಅವರು ಪ್ರತಿ ವರ್ಷ ಹಿಂದಿನ ವರ್ಷದ್ದನ್ನೇ ಹೇಳ್ತಿದ್ರು ಸಾರ್" ಎಂದೆ. "ಅದಕ್ಕೇ ಸದರಿ ಅಂತ ಬರೆದೆ."

ನಗು ನಿಂತಿತು. ಸಾಹೇಬರು ನನ್ನನ್ನು ನೋಡಿದರು, ಆಮೇಲೆ ಅಮಲ್ದಾರರನ್ನು ನೋಡಿದರು. ಮೇಷ್ಟ್ರು ಮೆತ್ತಗೆ, "ಹೌದೇ ಸಾಹೇಬ್ರೇ? ಬೇರೆ ಹಾಡುಗಳು ಇದ್ರೆ ಬಾಯಲ್ಲೇ ಹೇಳಿ" ಎಂದರು.

ಸಾಹೇಬರಿಗೆ ಏಳು ವರ್ಷದ್ದೂ ಗೊತ್ತಿತ್ತು, ಸಾಕ್ಷಿಗಳ ಸಮೇತ. ಅರ್ಧ ಜನ ಸಾಕ್ಷಿಗಳು ಆ ಅಂಗಳದಲ್ಲೇ ಇದ್ದರು. ಒಂದು ಸಾಲು ಹೇಳಿದ್ದರೆ ಸಾಕಾಗಿತ್ತು. ನಾನು ಸುಳ್ಳುಗಾರನೆಂದು ಅಮಲ್ದಾರರ ಮುಂದೆಯೇ ಗೊತ್ತಾಗುತ್ತಿತ್ತು.

"ಇಲ್ಲ ಮೇಷ್ಟ್ರೇ" ಎಂದರು ಸಾಹೇಬರು. "ಮುನ್ಷಿ ಸರ್ಕಾರಿ ಮನ್ಸ, ನಾನ್ ಹೇಳಿದ್ದೇ ಬರ್ದವ್ನೆ. ನಂದೇ ಯಾದ್ ಕಮ್ಮಿ, ನೆಪ್ಪು ಉಳ್ಯಾಕಿಲ್ಲ."

ಮೇಷ್ಟ್ರು ಶಾಲು ಹೊದೆಸಿದರು. ಸಾಹೇಬರು ಶಾಲು ಹೊದ್ದುಕೊಂಡೇ ಕೆಳಗಿಳಿದು, ಗ್ರಾಮಫೋನಿಗೆ ಕೀ ಕೊಟ್ಟು, ಜನ ಹೋಗುವವರೆಗೂ ಹಾಡು ಹಾಕಿದರು. ಮೂರು ತಿಂಗಳಿಗೆ ನನ್ನ ಕೆಲಸ ಖಾಯಂ ಆಯಿತು. ಅಂಗಡಿಯ ದಾರಿ ಬಿಟ್ಟು ಬೇರೆ ಬೀದಿಯಲ್ಲಿ ಕಚೇರಿಗೆ ಹೋಗತೊಡಗಿದೆ. ಅದು ಸ್ವಲ್ಪ ದೂರ.

ಎರಡು ವರ್ಷದ ಮೇಲೆ ಕೊರಟಗೆರೆಯಲ್ಲಿ ನನ್ನ ಮದುವೆಯಾಯಿತು. ನನ್ನನ್ನು ಕೇಳದೆ ಮಾವನವರು ಮೈಕ್ ಸೆಟ್ಟಿಗೆ ಹೇಳಿದ್ದರು. ಬೆಳಗ್ಗೆ ಹಾರನ್ ಶುರುವಾಯಿತು. ಊದಿದ ಸದ್ದಿಲ್ಲ, ತಾರೀಖಿಲ್ಲ, ಸಾಕ್ಷಿಯಿಲ್ಲ, ನೇರವಾಗಿ ಹಾಡು. ಹೆಣ್ಣಿನ ಸೋದರಮಾವ, "ಏನ್ ಸಾಬ್ರೇ, ಇವತ್ತಿನ ದಿನದ್ದು ಏನೂ ಹೇಳಾಕಿಲ್ವಾ?" ಎಂದು ಕೇಳಿದ್ದು ನನಗೆ ಕೇಳಿಸಿತು.

"ಹೇಳೋದ್ ಬುಟ್ಬುಟ್ಟೆ ಯಜಮಾನ್ರೇ. ಹಾಡು ಕೇಳಿ, ಚೆನ್ನಾಗೈತೆ."

ಧಾರೆಯಾದ ಮೇಲೆ ಬಾಸಿಂಗ ಕಟ್ಟಿಕೊಂಡೇ ಚಪ್ಪರದ ಹಿಂದಕ್ಕೆ ಹೋದೆ. ಹೇಳಬೇಕಾದ ಮಾತನ್ನು ರಾತ್ರಿಯಿಡೀ ಜೋಡಿಸಿಕೊಂಡಿದ್ದೆ. ಮುಳ್ಳು ಬದಲಾಯಿಸುತ್ತಿದ್ದ ಸಾಹೇಬರು ನನ್ನನ್ನು ಕಂಡು, ಮದುವೆ ಗಂಡಿಗೆ ಏಳಬೇಕೆಂದು ಎದ್ದು ನಿಂತರು.

"ಏನ್ ಬೇಕು ಮುನ್ಷಿ? ಸೌಂಡ್ ಜಾಸ್ತಿ ಆಯ್ತಾ?"

"ಸ್ವಲ್ಪ ಕಮ್ಮಿ ಮಾಡಿ" ಎಂದೆ.

ಅವರು ಬಾಗಿ ಸೌಂಡ್ ಕಮ್ಮಿ ಮಾಡಿದರು. ನಾನು ಒಳಗೆ ಹೋದೆ. ಮತ್ತೆ ಅವರನ್ನು ನೋಡಲಿಲ್ಲ. ನಾನು ಮಧುಗಿರಿಗೆ ವರ್ಗವಾಗಿ ಬಂದ ವರ್ಷ ಅವರು ತೀರಿಕೊಂಡ ಸುದ್ದಿ ಬಂತು. ಅಂದು ಕಚೇರಿಯ ತಪಾಸಣೆ ಇತ್ತು, ಹೋಗಲಿಲ್ಲ. ತಪಾಸಣೆ ಮಧ್ಯಾಹ್ನಕ್ಕೇ ಮುಗಿದಿತ್ತು ಎಂಬುದನ್ನೂ ಇಲ್ಲಿ ಬರೆಯಬೇಕು. ಶಿರಾದ ಬಸ್ಸು ಮೂರಕ್ಕೆ ಇತ್ತು.

ಇಷ್ಟು ಬರೆದರೂ ಊರಿನವರು ಕರೆದಂತೆಯೇ ಅವರನ್ನು ಕರೆದಿದ್ದೇನೆ. ಅವರ ಹೆಸರು ಸೈಯದ್ ಪ್ಯಾರೇಜಾನ್ ಸಾಹೇಬರು.