ಔದುಂಬರದ ಸುತ್ತ ಕಲಿತ ಲೂಪ್

ವಿಮಾನ ನಗರದ ನಮ್ಮ ಆಫೀಸಿನಲ್ಲಿ ಹನ್ನೆರಡು ವರ್ಷ ಫೈಲು ತಿರುವಿದವಳು ನಾನು. ಪ್ರೋಗ್ರಾಮಿಂಗ್ ಪರೀಕ್ಷೆ ಪಾಸಾದವರನ್ನು ಕಂಪ್ಯೂಟರ್ ವಿಭಾಗಕ್ಕೆ ತೆಗೆದುಕೊಳ್ಳುತ್ತೇವೆ ಅಂದಾಗ ಹಿಂದೆ ಮುಂದೆ ನೋಡದೆ ಹೆಸರು ಕೊಟ್ಟೆ. ಒಂದೇ ಅವಕಾಶ, ತಪ್ಪಿದರೆ ಮತ್ತೆ ಅದೇ ಫೈಲು. ಎಲ್ಲ ತಲೆಗೆ ಹತ್ತಿತು, ಲೂಪ್ ಮಾತ್ರ ಹತ್ತಲಿಲ್ಲ. ಒಂದೇ ಕೆಲಸವನ್ನು ಕಂಪ್ಯೂಟರಿನಿಂದ ಮತ್ತೆ ಮತ್ತೆ ಮಾಡಿಸುವುದು, ಅಷ್ಟೇ. ಆದರೆ ಐದು ಸಲ 'ನಮಸ್ಕಾರ' ಬರೆಸಲು ಹೋದರೆ ನನ್ನದು ನಿಲ್ಲುತ್ತಲೇ ಇರಲಿಲ್ಲ.

ಪರೀಕ್ಷೆ ಗುರುವಾರ ಮಧ್ಯಾಹ್ನ. ಬೆಳಿಗ್ಗೆ ಅತ್ತೆಯವರ ಜೊತೆ ನಮ್ಮ ಹೌಸಿಂಗ್ ಸೊಸೈಟಿಯ ಅಂಗಳದ ಔದುಂಬರ ಗಿಡದ ಹತ್ತಿರ ಹೋಗಿ, ಕಟ್ಟೆಯ ಮೇಲೆ ಲ್ಯಾಪ್‌ಟಾಪ್ ಬಿಚ್ಚಿ ಕೂತೆ. ಧಾರವಾಡದ ನಮ್ಮ ಅತ್ತೆ ಗುರುವಾರ ತಪ್ಪದೆ ದತ್ತನಿಗೆ ಇಪ್ಪತ್ತೊಂದು ಪ್ರದಕ್ಷಿಣೆ ಹಾಕುವವರು. ಸೆರಗಿನಲ್ಲಿ ನಾನು ಎಣಿಸಿ ಕಟ್ಟಿಕೊಟ್ಟ ಇಪ್ಪತ್ತೊಂದು ಶೇಂಗಾ ಬೀಜ. ಒಂದು ಸುತ್ತಿಗೆ ಒಂದು ಬೀಜ ತಟ್ಟೆಗೆ. ಸೆರಗು ಬರಿದಾದರೆ ಮುಗಿಯಿತು.

ಮೂರು ಸುತ್ತಾಗಿತ್ತು. ಪಕ್ಕದ ಫ್ಲ್ಯಾಟಿನ ಮರಾಠಿ ಹೆಂಗಸು, ನಾವೆಲ್ಲ ಕಾಕು ಅಂತ ಕರೆಯುವವರು, ಬಂದು, ಜೊತೆಗೆ ಹೆಜ್ಜೆ ಹಾಕುತ್ತ ಮಗಳ ಮದುವೆಯ ಮಾತು ತೆಗೆದರು. ಅತ್ತೆ "ಹೋ ಕಾ? ಹೋ ಕಾ?" ಎಂದು ಮರಾಠಿಯಲ್ಲೇ 'ಹೌದಾ, ಹೌದಾ' ಅನ್ನುತ್ತ ಸುತ್ತಿದರು, ಸುತ್ತಿದರು. ಕಾಕು ದಣಿದು ಮನೆಗೆ ಹೋದರೂ ಇವರದು ಮುಗಿಯಲಿಲ್ಲ.

"ಏನವಾ, ಇವತ್ತ ಬೀಜ ತೀರವಲ್ವು! ನೀ ಏನರ ಹೆಚ್ಚಿಗಿ ಕಟ್ಟೀಯೇನು?"

"ತಟ್ಟಿಗೆ ಹಾಕಿದ್ರ ತೀರತಾವ್ರಿ ಅತ್ತಿ! ಮದವಿ ಸುದ್ದಿ ಕೇಳಕೋತ ಬರೇ ಸುತ್ತೀರಿ."

"ಅಯ್ಯ, ಕುಂತು ನೋಡಕೋತಿದ್ದಿ, ಹೇಳಬಾರದೇನ? ಕಾಲ ಬಿದ್ದ ಹೋದ್ವು ನನ್ನವು!"

ನಗುತ್ತಿದ್ದವಳು ಥಟ್ಟನೆ ಪರದೆಯತ್ತ ಬಗ್ಗಿದೆ. ನನ್ನ ತಪ್ಪೂ ಅದೇ. 'ಉಳಿದದ್ದು ಐದು; ಅದು ಸೊನ್ನೆಗಿಂತ ಹೆಚ್ಚಿರುವ ತನಕ ಬರೆ' ಎಂದಿದ್ದೆ. ಬರೆದ ಮೇಲೆ ಉಳಿದದ್ದರಲ್ಲಿ ಒಂದು ಕಳೆ ಎಂದು ಹೇಳಿರಲೇ ಇಲ್ಲ. ಐದು ಐದಾಗಿಯೇ ಉಳಿದರೆ ಪಾಪ, ಕಂಪ್ಯೂಟರ್ ತಾನೇ ಏನು ಮಾಡೀತು? ಆ ಒಂದು ಸಾಲು ಸೇರಿಸಿದೆ. ಐದು ನಮಸ್ಕಾರ ಬಂದವು, ಮುಂದೆ ಏನೂ ಇಲ್ಲ.

"ನಿಂತತ್ರಿ ಅತ್ತಿ!" ಎಂದು ಕೂಗಿದೆ.

"ನಿಂದ ನಿಂತಿರಬೇಕು, ನಂದು ಇನ್ನ ಹದಿನೆಂಟ ಅದಾವ," ಎನ್ನುತ್ತ ಅವರು ಹೊರಟರು.

ಮಧ್ಯಾಹ್ನ ಪರೀಕ್ಷೆಯಲ್ಲಿ ಲೂಪಿನದೇ ದೊಡ್ಡ ಪ್ರಶ್ನೆ ಬಂತು. ನಾನು ಕಳೆಯುವ ಸಾಲನ್ನೇ ಮೊದಲು ಬರೆದಿಟ್ಟುಕೊಂಡು, ಮಿಕ್ಕ ಸಾಲುಗಳನ್ನು ಅದರ ಸುತ್ತ ಕಟ್ಟಿದೆ. ನನ್ನ ಪಕ್ಕದವರು ಇನ್ನೂ ತಲೆ ಕೆರೆದುಕೊಳ್ಳುತ್ತಿದ್ದಾಗ ಎದ್ದು ಬಂದೆ; ಫಲಿತಾಂಶಕ್ಕೆ ಕಾಯುವ ಆತಂಕವೂ ಇರಲಿಲ್ಲ. ಮುಂದಿನ ತಿಂಗಳು ಕಂಪ್ಯೂಟರ್ ವಿಭಾಗದಲ್ಲಿ ನನಗೊಂದು ಕುರ್ಚಿ ಹಾಕಿದರು.