ತಟ್ಟೆಯೊಳಗಿನ ಬೊಂಬಾಯಿ

ಬೊಂಬಾಯಿಯ ಏಳು ದ್ವೀಪಗಳ ಹೆಸರು ನಂಗೆ ಈಗಲೂ ಒಂದೇ ಉಸಿರಲ್ಲಿ ಬರುತ್ತೆ. ಕೊಲಾಬಾ, ಪುಟ್ಟ ಕೊಲಾಬಾ, ಬೊಂಬಾಯಿ, ಮಜಗಾಂವ್, ವರ್ಲಿ, ಪರೇಲ್, ಮಾಹಿಮ್. ನನ್ನ ಮದುವೆ ಯಾವ ತಿಂಗಳಲ್ಲಿ ಆಯ್ತು ಅಂತ ಕೇಳಿ, ತಡವರಿಸ್ತೀನಿ. ಇದನ್ನ ಕೇಳಿ, ತಡವರಿಸಲ್ಲ. ಮಾಗಡಿ ಸೀಮೆಯ ಹೆಂಗಸಿಗೆ ಸಮುದ್ರದ ಉಸಾಬರಿ ಯಾಕೆ ಬೇಕಿತ್ತು ಅನ್ನೋರು ಅನ್ಕೊಳ್ಳಲಿ. ನಂಗೆ ಬೇಕಿತ್ತು. ಆ ಏಳು ಹೆಸರಿನ ಮೇಲೆ ನನ್ನ ಇಡೀ ಬದುಕು ನಿಂತಿತ್ತು.

ನಮ್ಮೂರು ಗುಡೇಮಾರನಹಳ್ಳಿ ಕಡೆ, ನಮ್ಮದು ಕುರಿ ಸಾಕೋ ಮನೆ. ನಾನು ಹೈಸ್ಕೂಲು ಸೇರೋ ಹೊತ್ತಿಗೆ ಸೀಮೆಗೆಲ್ಲ ರೇಷ್ಮೆ ಹುಚ್ಚು ಹಿಡಿದಿತ್ತು. ರಾಗಿ ಹೊಲಗಳನ್ನ ಕಿತ್ತು ಹಿಪ್ಪುನೇರಳೆ ಕಡ್ಡಿ ನೆಟ್ಟರು. ರಾಮನಗರದ ಗೂಡಿನ ಮಾರುಕಟ್ಟೆಗೆ ಹೋಗೋ ಬಸ್ಸಿನ ಟಾಪಿನ ಮೇಲೆ ಗೂಡಿನ ಮೂಟೆ, ಮೂಟೆಗಳ ಮೇಲೆ ಗಂಡಸರು. ನಮ್ಮಪ್ಪನೂ ಕುರಿಗಳನ್ನ ಚಿಕ್ಕಪ್ಪನಿಗೆ ಒಪ್ಪಿಸಿ, ಕುರಿ ದೊಡ್ಡಿ ತೊಳೆದು, ಸುಣ್ಣ ಬಳಿದು, ಹುಳದ ಮನೆ ಮಾಡಿದ. ಅಜ್ಜಿ, ಅಂದ್ರೆ ಅಪ್ಪನ ತಾಯಿ, ಒಂದು ವಾರ ಅವನ ಜೊತೆ ಮಾತು ಬಿಟ್ಟಳು. ಆಮೇಲೆ ನೋಡಿದ್ರೆ ಅವಳೇ ಹುಳದ ಮನೆ ಯಜಮಾನಿ. ಕಾಲು ತೊಳೆಯದೆ ಬರಂಗಿಲ್ಲ, ಊರೋರು ಬರಂಗಿಲ್ಲ, ಮುಟ್ಟಾದ ಹೆಂಗಸು ಬಾಗಿಲ ಹತ್ತಿರವೂ ಸುಳಿಯಂಗಿಲ್ಲ. ಆ ದಿನಗಳಲ್ಲಿ ಅವಳು 'ಹೊರಗೆ'. ಅವಳ ನೆರಳು ತಟ್ಟೆ ಮೇಲೆ ಬಿದ್ರೆ ಹುಳ ಕೆಡುತ್ತವೆ ಅನ್ನೋದು ನಮ್ಮ ಕಡೆ ಯಾರೂ ಪ್ರಶ್ನೆ ಮಾಡದ ಮಾತು.

ಹತ್ತನೇ ಕ್ಲಾಸಲ್ಲಿ ನಮಗೆ ಸಮಾಜ ಹೇಳಿಕೊಡ್ತಿದ್ದ ಮೇಷ್ಟ್ರು ಬೊಂಬಾಯೀಲಿ ಎರಡು ವರ್ಷ ಇದ್ದು ಬಂದೋರು. ಅವರಣ್ಣ ಅಲ್ಲಿ ಹತ್ತಿ ಗಿರಣೀಲಿ ಕೆಲಸಕ್ಕಿದ್ದನಂತೆ. ಬೋರ್ಡಿನ ಮೇಲೆ ಅವರು ಬರೀತಿದ್ದ ಬೊಂಬಾಯಿ ನಮ್ಮ ಪುಸ್ತಕದಲ್ಲಿ ಇರಲಿಲ್ಲ. ಉತ್ತರದಿಂದ ಒಂದು ನೆಲ ನಾಲಿಗೆ ಚಾಚಿದಂಗೆ ಕೆಳಗೆ ಇಳಿಯುತ್ತೆ. ಎಡಕ್ಕೆ ಅರಬ್ಬಿ ಸಮುದ್ರ, ಬಲಕ್ಕೆ ಬಂದರು. "ಮೂರು ಕಡೆ ನೀರು, ಒಂದು ಕಡೆ ನೆಲ, ಪರ್ಯಾಯ ದ್ವೀಪ. ಆದ್ರೆ ಇದು ಹುಟ್ಟಿದ್ದು ಹಿಂಗಲ್ಲ" ಅಂದು ಆ ನಾಲಿಗೆಯನ್ನ ಡಸ್ಟರಿನಲ್ಲಿ ಅಲ್ಲಲ್ಲಿ ಒರೆಸ್ತಿದ್ರು. ಏಳು ಚೂರು ಉಳೀತಿತ್ತು. ಮೊದಲು ಇದ್ದದ್ದು ಆ ಏಳು, ನಡುವೆ ಕೆಸರು. ಉಬ್ಬರ ಬಂದಾಗ ನೀರು, ಇಳಿದಾಗ ಹೂಳು. ಮೀನು ಹಿಡಿಯೋ ಕೋಲಿ ಅನ್ನೋ ಜಾತಿಯ ಜನ ಬಿಟ್ರೆ ಯಾರಿಗೂ ಬೇಡದ ಜಾಗ.

ಆಮೇಲೆ ಪೋರ್ಚುಗೀಸರ ಕೈಗೆ ಬಂತು. ಅವರ ರಾಜಕುಮಾರಿಯನ್ನ ಇಂಗ್ಲೆಂಡಿನ ದೊರೆಗೆ ಕೊಡೋವಾಗ ವರದಕ್ಷಿಣೆ ಅಂತ ಇದನ್ನೂ ಸೇರಿಸಿ ಕೊಟ್ರು. ಕೊಟ್ಟ ದೊರೆಯೂ ನೋಡಿರಲಿಲ್ಲ, ತಗೊಂಡ ದೊರೆಯೂ ನೋಡಿರಲಿಲ್ಲ. ಇಂಗ್ಲಿಷರು ವರ್ಲಿ ಹತ್ತಿರ ಸಮುದ್ರ ಒಳನುಗ್ಗೋ ಕಂಡಿಗೆ ಕಲ್ಲಿನ ಕಟ್ಟೆ ಹಾಕಿದ್ರು, ಗುಡ್ಡ ಅಗೆದು ತಗ್ಗು ತುಂಬಿದ್ರು, ದ್ವೀಪದಿಂದ ದ್ವೀಪಕ್ಕೆ ದಾರಿ ಕಟ್ಟಿದ್ರು. ಏಳು ಹೋಗಿ ಒಂದಾಯ್ತು. ಕೊನೆಗೆ ಉತ್ತರದ ದೊಡ್ಡ ನೆಲ ಸಾಷ್ಟಿಗೂ ಕಟ್ಟೆ ಕಟ್ಟಿ ಅಂಟಿಸಿದ್ರು.

ನಂಗೆ ಇದು ಯಾಕೆ ಅಷ್ಟು ಹಿಡಿಸ್ತೋ ಹೇಳಕ್ಕೆ ಬರಲ್ಲ. ನೆಲ ಅನ್ನೋದು ದೇವರು ಕೊಟ್ಟದ್ದು, ಅಳ್ಳಾಡದ್ದು ಅಂತ ನಂಬಿದ್ದ ಹುಡುಗಿ ನಾನು. ಜನ ಬುಟ್ಟೀಲಿ ಮಣ್ಣು ಹೊತ್ತು ಸಮುದ್ರವನ್ನೇ ಹಿಂದಕ್ಕೆ ತಳ್ಳಿದ್ರು ಅಂದಾಗ ಮೈ ಜುಮ್ ಅಂತು. ತಾಲ್ಲೂಕು ಮಟ್ಟದ ಭಾಷಣ ಸ್ಪರ್ಧೆಗೆ ಮೇಷ್ಟ್ರು ನನ್ನ ಹೆಸರು ಬರೆಸಿದ್ರು. ನಮ್ಮ ಜಗಲಿಗೇ ಬಂದು ಅಪ್ಪನ ಹತ್ತಿರ, "ಈ ಹುಡುಗೀನ ಓದಿಸಿ ಗೌಡ್ರೇ" ಅಂದ್ರು. ಗೌಡ ಅನ್ನಿಸಿಕೊಂಡು ಅಪ್ಪ ಉಬ್ಬಿಹೋದ.

"ಭಾಷಣದಾಗೆ ತಾಲ್ಲೂಕಿಗೇ ಫಸ್ಟು ಬಂದ್ರೆ ಮಾಗಡಿ ಕಾಲೇಜಿಗೆ ಕಳಿಸ್ತೀನಿ. ಇಲ್ದಿದ್ರೆ ಪರೀಕ್ಷೆ ಮುಗೀತಿದ್ದಂಗೆ ಅವಳ ಸೋದರಮಾವನಿಗೆ ಕೊಟ್ಬುಡ್ತೀನಿ. ನಿಮ್ಮ ಮುಂದೇನೇ ಹೇಳಿವ್ನಿ, ಮಾತು ತಪ್ಪಲ್ಲ" ಅಂದ. ಆ ಸೋದರಮಾವ ಅಂದ್ರೆ ಅವ್ವನ ಸ್ವಂತ ತಮ್ಮ, ಚನ್ನಪಟ್ಟಣದ ಕಡೆಯೋನು, ನನಗಿಂತ ಹನ್ನೊಂದು ವರ್ಷ ದೊಡ್ಡೋನು.

ಅಲ್ಲಿಂದ ನಾನು ಹುಳದ ಮನೇಲೇ ಭಾಷಣ ಕಲಿತೆ. ಬಿದಿರು ಮುರಿದ ಒಂದು ಹಳೇ ಹುಳದ ತಟ್ಟೆಗೆ ಸಗಣಿ ಸಾರಿಸಿ, ಒಣಗಿಸಿ, ಬಟ್ಟೆಗೆ ಹಾಕೋ ನೀಲಿ ಬಳಿದು ಸಮುದ್ರ ಮಾಡಿದೆ. ಕೆರೆ ಮಣ್ಣು ತಂದು ಏಳು ಉಂಡೆ ತಟ್ಟಿ ಇಟ್ಟೆ. ಭಾಷಣ ಮಾಡ್ತಾ ಮಾಡ್ತಾ ನಡುವಿನ ನೀಲಿ ಮೇಲೆ ಹಸಿ ಮಣ್ಣು ತುಂಬಿ ಏಳನ್ನೂ ಒಂದು ಮಾಡಬೇಕು, ಇದು ಮೇಷ್ಟ್ರ ಉಪಾಯ. ಹುಳಕ್ಕೆ ಸೊಪ್ಪು ಹರಡ್ತಾ ಬಾಯಿಪಾಠ ಹೇಳ್ಕೊಳ್ತಿದ್ದೆ. ಅವ್ವ ಪಕ್ಕದ ಸಾಲಲ್ಲಿ ಹಿಕ್ಕೆ ತೆಗೀತಾ ಇರ್ತಿದ್ದಳು. ಒಂದು ದಿನವೂ ಏನದು ಅಂತ ಕೇಳಲಿಲ್ಲ. ಅವಳ ಕಿವಿಗೆ ಬಿದ್ದೇ ಇಲ್ಲ ಅಂದ್ಕೊಂಡಿದ್ದೆ.

ಸ್ಪರ್ಧೆಯ ದಿನ ಗೊತ್ತಾದಾಗ ನಾನು ಬೆರಳು ಮಡಚಿ ಲೆಕ್ಕ ಹಾಕಿದೆ. ಹುಳ ನಾಲ್ಕು ಸಲ ಮೇವು ಬಿಟ್ಟು ಮಲಗಿ ಪೊರೆ ಕಳಚುತ್ತವೆ, ಅದಕ್ಕೆ ನಮ್ಮ ಕಡೆ ಜ್ವರ ಅಂತಾರೆ. ನಾಲ್ಕನೇ ಜ್ವರ ಎದ್ದು ಒಂದು ವಾರಕ್ಕೆ ಹಣ್ಣಾಗುತ್ತವೆ. ಹಣ್ಣಾದ ಹುಳವನ್ನ ಒಂದೊಂದಾಗಿ ಆರಿಸಿ, ಗೂಡು ಕಟ್ಟಲಿ ಅಂತ ಬಿದಿರಿನ ಚಂದ್ರಿಕೆಗೆ ಬಿಡಬೇಕು. ಅವು ಕಾಯಲ್ಲ, ಮನೇಲಿರೋ ಅಷ್ಟೂ ಕೈ ಬೇಕು. ಹಣ್ಣಾಗೋ ದಿನವೂ ಸ್ಪರ್ಧೆ ದಿನವೂ ಒಂದೇ ಆಗಿತ್ತು. ಸಾಲದ್ದಕ್ಕೆ ಆ ವಾರ ಪೂರಾ ಜಡಿಮಳೆ. ಹುಳ ಹಸಿದಿವೆ ಅಂತ ಅಪ್ಪ ನೆಂದ ಸೊಪ್ಪನ್ನೇ ತಂದು ತಂದು ಸುರಿದ. ಚಳಿ ತಾಕಬಾರದು ಅಂತ ಅಜ್ಜಿ ಕಿಟಕಿಗೆಲ್ಲ ಗೋಣಿತಾಟು ಕಟ್ಟಿಸಿದಳು.

ಆ ಬೆಳಗ್ಗೆ ನಾನು ಲಂಗ ದಾವಣಿ ಹಾಕ್ಕೊಂಡು ತಟ್ಟೆ ಎತ್ಕೊಂಡಿದ್ದನ್ನ ನೋಡಿ ಅಪ್ಪ, "ಎಲ್ಲಿಗೆ? ಹುಳ ಹಣ್ಣಾಗವೆ. ಬೊಂಬಾಯಿ ಎಲ್ಲೂ ಓಡೋಗಲ್ಲ, ಹುಳ ಓಡೋಯ್ತವೆ" ಅಂದ. ಜಗಳ ಆಡಿದ್ರೆ ಗೆಲ್ಲಲ್ಲ ಅಂತ ನಂಗೆ ಗೊತ್ತಿತ್ತು. ಅಜ್ಜಿ ಕಡೆ ತಿರುಗಿ, "ಅಜ್ಜಿ, ನಾನು ಹೊರಗಾಗಿವ್ನಿ" ಅಂದುಬಿಟ್ಟೆ.

ಸುಳ್ಳು. ಹಸಿ ಸುಳ್ಳು. ಅಜ್ಜಿ ಎರಡು ಹೆಜ್ಜೆ ಹಿಂದೆ ಸರಿದಳು. "ಈಗ ತಾನೇ ಸೊಪ್ಪು ಹಾಕಿ ಬಂದ್ಯಲ್ಲೇ" ಅಂದಳು. ಈಗಲೇ ಆಗಿದ್ದು ಅಂದೆ. ಬಾಗಿಲಲ್ಲಿ ನಿಂತಿದ್ದ ಅವ್ವ ಏನೋ ಹೇಳಕ್ಕೆ ಬಾಯಿ ತೆಗೆದಳು, ನನ್ನ ಮುಖ ನೋಡಿದಳು, ಬಾಯಿ ಮುಚ್ಚಿಕೊಂಡು ಹುಳದ ಮನೆಗೆ ಹೋದಳು. ಅಪ್ಪ, "ಮನೇಲಿದ್ದು ಏನ್ ಉಪಯೋಗ, ಹಾಳಾಗೋಗ್ಲಿ ಅತ್ಲಾಗೆ" ಅಂದ. ನಾನು ಬಸ್ಸಿಗೆ ಓಡಿದೆ.

ಮಾಗಡೀಲಿ ನಾನು ಭಾಷಣ ಮಾಡಿದ ಹತ್ತು ನಿಮಿಷಕ್ಕಿಂತ ಚೆನ್ನಾಗಿರೋ ಹತ್ತು ನಿಮಿಷ ನನ್ನ ಬದುಕಲ್ಲಿ ಮತ್ತೆ ಬರಲಿಲ್ಲ. ಕೈಯೆಲ್ಲ ಕೆಸರು ಮಾಡ್ಕೊಂಡು ವರ್ಲಿ ಕಂಡಿ ಮುಚ್ಚಿದೆ. ಪುಟ್ಟ ಕೊಲಾಬಾಕ್ಕೆ ಮುದುಕಿಯ ದ್ವೀಪ ಅಂತ ಇನ್ನೊಂದು ಹೆಸರಿತ್ತು ಅಂದಾಗ ಸಭೆ ನಕ್ಕಿತು. ವರದಕ್ಷಿಣೆ ಮಾತಿಗೆ ಬಂದಾಗ, "ದ್ವೀಪಗಳನ್ನೂ ಕೇಳಲಿಲ್ಲ, ಹೆಣ್ಣನ್ನೂ ಕೇಳಿದಂತೆ ಕಾಣೆ" ಅಂತ ನಾನೇ ಒಂದು ಮಾತು ಸೇರಿಸಿದೆ. ಮೇಷ್ಟ್ರು ಹಿಂದಿನ ಬೆಂಚಲ್ಲಿ ಕಣ್ಣು ಒರೆಸ್ಕೊಂಡ್ರು. ನಂಗೆ ಫಸ್ಟು ಬಂತು. ಒಂದು ಸ್ಟೀಲಿನ ಚೊಂಬು ಕೊಟ್ರು.

ಚೊಂಬು, ಬೊಂಬಾಯಿ ತಟ್ಟೆ ಎರಡನ್ನೂ ಹಿಡ್ಕೊಂಡು ಸಾಯಂಕಾಲ ಬಂದಾಗ ಅಂಗಳದಲ್ಲಿ ತಟ್ಟೆಗಳು ಬೋರಲು ಬಿದ್ದಿದ್ವು. ಹುಳ ಊದಿಕೊಂಡು, ಹಳದಿ ತಿರುಗಿ, ಮುಟ್ಟಿದ್ರೆ ಒಡೆದು ಹಾಲಿನಂಥ ರಸ ಸುರಿಸ್ತಿದ್ವು. ಮಂಕರೀಲಿ ತುಂಬಿ ತಿಪ್ಪೆಗೆ ಹೊರ್ತಾ ಇದ್ರು. ಅಜ್ಜಿ ನನ್ನ ನೋಡಿ ಎದೆ ಬಡ್ಕೊಂಡಳು. "ಹೊಲೆ ಮೈಯಾಗೆ ಸೊಪ್ಪು ಹಾಕಿ ಮನೆ ತೆಗೆದ್ಯಲ್ಲೇ" ಅಂದಳು.

ನಾನು ಅಲ್ಲೇ ನಿಂತು ನಿಜ ಹೇಳಿದೆ. ಹೊರಗಾಗಿರಲಿಲ್ಲ, ಹೋಗಬೇಕು ಅಂತ ಸುಳ್ಳು ಹೇಳಿದೆ ಅಂದೆ. ಯಾರು ನಂಬ್ತಾರೆ? "ಮಾಡಿದ್ದು ಸಾಲದು ಅಂತ ಈಗ ಈ ಸುಳ್ಳು ಬೇರೆ" ಅಂದಳು ಅಜ್ಜಿ. ನಾನು ಅವ್ವನ ಕಡೆ ನೋಡಿದೆ. ಮನೆಯ ಬಟ್ಟೆ ಒಗೆಯೋಳು ಅವಳು, ನನ್ನ ದಿನ ನನಗಿಂತ ಅವಳಿಗೆ ಗೊತ್ತು. ಒಂದು ಮಾತು ಸಾಕಿತ್ತು. ಅವಳು ಬಗ್ಗಿ ಬಾಗಿಲಿಗೆ ಸಗಣಿ ನೀರು ಚಿಮುಕಿಸ್ತಾ ಇದ್ದಳು, ತಲೆ ಎತ್ತಲಿಲ್ಲ. ಅಪ್ಪ ಹೊಡೀಲಿಲ್ಲ, ಬೈಯಲಿಲ್ಲ. ನನ್ನ ಕೈಯಿಂದ ಬೊಂಬಾಯಿ ಕಿತ್ಕೊಂಡು ಸತ್ತ ಹುಳದ ಮೇಲೆ ಬಿಸಾಕಿದ. ಮೇಷ್ಟ್ರು ಎರಡು ಸಲ ಬಂದ್ರು, ಎರಡು ಸಲವೂ ಅಪ್ಪ ತಾನು ಮನೇಲಿಲ್ಲ ಅಂತ ಹೇಳಿಸಿದ. ಪರೀಕ್ಷೆ ಮುಗಿದ ತಿಂಗಳೊಳಗೆ ಸೋದರಮಾವನಿಗೆ ಕೊಟ್ರು.

ಗಂಡನ ಮನೇಲೂ ಹುಳವೇ. ಮದುವೆಯಾದ ಮೂರನೇ ವರ್ಷ ರೇಷ್ಮೆ ಇಲಾಖೆಯೋರೊಬ್ಬರು ಊರಿಗೆ ಬಂದು ಹೆಂಗಸರನ್ನ ಕೂರಿಸಿ ಪಾಠ ಹೇಳಿದ್ರು. ಹಾಲುತೊಂಡೆ ಅನ್ನೋ ರೋಗ ಒಂದು ಇದೆ, ನೆಂದ ಸೊಪ್ಪು ಹಾಕಿ, ಗಾಳಿ ಬರದಂಗೆ ಮುಚ್ಚಿದ್ರೆ ಹಬ್ಬುತ್ತೆ, ಹುಳ ಊದಿ ಹಾಲು ಸುರಿಸಿ ಸಾಯುತ್ತವೆ ಅಂದ್ರು. ಒಬ್ಬಳು ಮುಟ್ಟಿನ ವಿಷಯ ಕೇಳಿದಳು. ಅದಕ್ಕೂ ಇದಕ್ಕೂ ಏನೂ ಸಂಬಂಧ ಇಲ್ಲ ಕಣ್ರಮ್ಮ ಅಂದ್ರು. ಎಲ್ಲ ಹೆಂಗಸರೂ ಸೆರಗು ಅಡ್ಡ ಹಿಡಿದು ನಕ್ರು. ನಂಗೆ ನಗು ಬರಲಿಲ್ಲ. ಅಪ್ಪನ ಮುಖಕ್ಕೆ ಹೇಳಬೇಕು ಅಂತ ತವರಿಗೆ ಹೋದೆ. ಅಪ್ಪ ಕೆಮ್ಮಿಕೊಂಡು ಹಾಸಿಗೆ ಹಿಡಿದಿದ್ದ. ಹೇಳದೆ ವಾಪಸ್ಸು ಬಂದೆ.

ನಾನು ಸಮುದ್ರ ನೋಡಿದ್ದು ಐವತ್ತೆಂಟನೇ ವಯಸ್ಸಿಗೆ. ಊರಿನ ಹೆಂಗಸರ ಸಂಘದೋರು ಶಿರಡಿಗೆ ಬಸ್ಸು ಮಾಡಿದ್ರು, ಬರೋವಾಗ ಒಂದು ದಿನ ಬೊಂಬಾಯಿ. ಅಪ್ಪ, ಅಜ್ಜಿ ಹೋಗಿ ಬಹಳ ಕಾಲ ಆಗಿತ್ತು. ಅವ್ವನನ್ನೂ ಕರ್ಕೊಂಡೆ. ಕೆಂಗಲ್ ಆಂಜನೇಯನಿಗೆ ಕಾಯಿ ಒಡೆದು ಹೊರಟ್ವಿ.

ಮಧ್ಯಾಹ್ನ ಕಡಲ ದಂಡೆಯ ಕಟ್ಟೆ ಮೇಲೆ ಕೂತಿದ್ವಿ. ಸಂಘದೋರು ಫೋಟೋ ತೆಗೆಸ್ಕೊಳ್ತಾ ಇದ್ರು. ನಾನು ಏಳು ದ್ವೀಪ ಹುಡುಕ್ತಿದ್ದೆ. ಎಲ್ಲಿ ಸಿಗಬೇಕು? ಅಷ್ಟೂ ರಸ್ತೆ, ಅಷ್ಟೂ ಕಟ್ಟಡ. ನಾವು ಕೂತಿದ್ದ ಜಾಗವೇ ಒಂದು ಕಾಲಕ್ಕೆ ನೀರು. ಇದರ ಮೇಲೆ ಲಕ್ಷಾಂತರ ಜನ ಓಡಾಡ್ತಾರೆ, ಕೆಳಗೆ ಏನಿತ್ತು ಅಂತ ಒಬ್ಬರಿಗೂ ಬೇಕಿಲ್ಲ.

"ಆ ಮುದುಕೀದು ಒಂದು ದ್ವೀಪ ಇತ್ತಲ್ಲ, ಅದೆಲ್ಲೈತೆ?" ಅಂದಳು ಅವ್ವ.

ನಾನು ತಿರುಗಿ ನೋಡಿದೆ. ನಲವತ್ತು ವರ್ಷದ ಮೇಲಾಗಿತ್ತು. ಅವ್ವ ಕೇಳಿಸ್ಕೊಂಡಿದ್ದಳು.

"ಮುಚ್ಬುಟ್ಟವ್ರೆ" ಅಂದೆ.

ಅವ್ವ ನನ್ನ ನೋಡದೇ ಹೇಳಿದಳು. "ಅವತ್ತು ಹೊರಗಾಗಿದ್ದು ನಾನು ಕಣವ್ವ. ಬೆಳಗ್ಗೆನೇ ಆಗಿತ್ತು. ಹೇಳನ ಅಂತ ಬಾಯ್ ತೆಗೆದೆ, ಅಷ್ಟೊತ್ಗೆ ನೀನು ಹೇಳ್ಬುಟ್ಟೆ. ನಿಂದು ಸುಳ್ಳು ಅಂತ ಗೊತ್ತಿತ್ತು. ಹೋಗ್ಲಿ ಮಗ, ಹೋಗ್ ಬರ್ಲಿ ಅಂತ ಸುಮ್ಕಾದೆ. ಇಬ್ರೂ ಹೊರಗೆ ಅಂದ್ರೆ ಹುಳ ಆರ್ಸೋರು ಯಾರು? ಹಂಗೇ ಒಳಕ್ಕೋದೆ."

"ಸಾಯಂಕಾಲ ಯಾಕವ್ವ ಹೇಳಲಿಲ್ಲ?"

"ಹೇಳಿದ್ರೆ ನಿಮ್ಮಪ್ಪ ನನ್ನ ಇಟ್ಕೊತಿದ್ನಾ? ನೀನು ಹೆಂಗಿದ್ರೂ ಇನ್ನೊಂದು ಮನೆಗೆ ಹೋಗೋಳು. ನಾನೆಲ್ಲಿಗೆ ಹೋಗ್ಲಿ? ನಿನ್ನೇನು ಬೀದಿಗೆ ಕೊಟ್ಟೆವಾ, ನನ್ನ ತಮ್ಮನಿಗೇ ತಾನೇ."

ಅವಳ ಮೇಲೆ ಬಂದ ಸಿಟ್ಟು ಹೇಳತೀರದು. ಕಾಲೇಜಿನ ಬಾಗಿಲು ತೆರೆದೋಳೂ ಅವಳೇ, ಮುಚ್ಚಿದೋಳೂ ಅವಳೇ. ಅವ್ವ ಸೆರಗಿನ ತುದಿ ಸುತ್ತುತ್ತಾ ಇದ್ದಳು.

"ಅಷ್ಟೂ ಜೀವ ನನ್ನ ಮೈಲಿಗೇಲಿ ಸತ್ವು. ದಿನಾ ನೆನಸ್ಕೊತೀನಿ ಕಣವ್ವ. ಆ ಪಾಪ ನಂದೇ ಅಲ್ವಾ?"

ಹುಳ ಸತ್ತಿದ್ದು ನೆಂದ ಸೊಪ್ಪಿಗೆ ಅವ್ವ, ಪಾಪ ನಿನ್ನದಲ್ಲ ಅಂದ್ರೆ ಮುಗೀತಿತ್ತು. ಮಾತು ನನ್ನ ಬಾಯಲ್ಲೇ ಇತ್ತು. ನಾನು ಎದ್ದು ಸೀರೆ ಕೊಡವಿಕೊಂಡೆ. "ಬಸ್ಸು ಹೊರಡ್ತದೆ, ಏಳು" ಅಂದೆ.

ಅವಳು ಆಮೇಲೆ ಮೂರು ವರ್ಷ ಬದುಕಿದ್ದಳು. ನಾನು ಹೇಳಲಿಲ್ಲ.