ಅರಳೆ ಬಿಟ್ಟು ಅಂಗೈಯಿಂದ ಹಚ್ಚಿದ ಮುಲಾಮು

ಅಜ್ಜಿಯ ಕೈ ಮೆತ್ತಗಿದೆ ಎಂದು ನೀವು ಹಿಡಿದುಕೊಂಡು ಕೂಡುತ್ತೀರಿ. ಎಪ್ಪತ್ತರ ದಶಕದಲ್ಲಿ ಇದೇ ಕೈಗಳನ್ನು ಸೆರಗಿನೊಳಗೆ ಮುಚ್ಚಿಕೊಂಡು ತಿರುಗುತ್ತಿದ್ದೆ. ಎರಡೂ ಅಂಗೈ ಕೆಂಪಗೆ ಊದಿ, ತುರಿಸಿ, ಸೀಳುತ್ತಿದ್ದವು. ಅದು ಇಸಬು, ಒಬ್ಬರಿಂದ ಒಬ್ಬರಿಗೆ ಹತ್ತುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ತಿಕೋಟಾದ ನಮ್ಮ ಓಣಿಯಲ್ಲಿ ನಂಬುವವರು ಯಾರು? ನಾನು ಬಡಿದ ರೊಟ್ಟಿಯನ್ನು ಅತ್ತೆಯೇ ಮುಟ್ಟುತ್ತಿರಲಿಲ್ಲ.

ಆಗ ಬಬಲೇಶ್ವರದ ತವರಿನಲ್ಲಿ ಅಣ್ಣನ ಮಗಳ ಲಗ್ನ ಗೊತ್ತಾಯಿತು. ಲಗ್ನಕ್ಕೆ ಮುಂಚೆ ಹೆಂಗಸರೆಲ್ಲ ಕೂಡಿ ರೊಟ್ಟಿ ಬಡಿಯಬೇಕು; ನಮ್ಮ ಮನೆಯಲ್ಲಿ ಮೊದಲ ರೊಟ್ಟಿ ಮದುಮಗಳ ಸೋದರತ್ತೆಯದು, ಅಂದರೆ ನನ್ನದು. ಕರೆಯಲು ಬಂದ ವೈನಿ, ಅಣ್ಣನ ಹೆಂಡತಿ, ಹೇಳಿದಳು:

"ಲಗ್ನಕ್ಕ ಬಾ ತಂಗಿ. ಆದ್ರ ಹಿಟ್ಟಿಗೆ ಕೈ ಹಚ್ಚಬ್ಯಾಡ, ಮಂದಿ ಉಣ್ಣೂದಿಲ್ಲ."

ಹೂಂ ಎಂದೆ. ಆಗ ನನಗೆ ಬರುತ್ತಿದ್ದದ್ದು ಅದೊಂದೇ ಮಾತು.

ಅದೇ ದಿನಗಳಲ್ಲಿ ನಿಮ್ಮ ಅಜ್ಜನ ಕಾಲಿನ ನರದಲ್ಲಿ ರಕ್ತ ಹೆಪ್ಪುಗಟ್ಟಿತು. ವಿಜಾಪುರದ ಸ್ಟೇಷನ್ ರಸ್ತೆಯ ಡಾಕ್ಟರು ಹೆಪಾರಿನ್ ಮುಲಾಮು ಕೊಟ್ಟರು. ಅದು ರಕ್ತ ತೆಳುವಾಗಿಸುವ ಔಷಧ, ಅರಳೆಯಿಂದಲೇ ಹಚ್ಚಬೇಕು ಎಂದರು. ಗಂಡನ ಕಾಲಿಗೆ ಯಾರಾದರೂ ಅರಳೆಯಿಂದ ಹಚ್ಚುತ್ತಾರೆಯೇ? ಎಣ್ಣೆ ಹಚ್ಚುವ ಹಾಗೆ ಎಡಗೈಯಲ್ಲಿ ಕಾಲು ಹಿಡಿದು, ಬಲ ಅಂಗೈಯಿಂದ ಸವರಿದೆ.

ಮೂರು ವಾರಕ್ಕೆ ಅವರ ಕಾಲು ಹಗುರಾಯಿತು. ನನ್ನ ಬಲಗೈಯ ಸೀಳುಗಳೂ ಕೂಡಿಕೊಂಡಿದ್ದವು! ಎಡಗೈ ಮಾತ್ರ ಹಾಗೇ ಇತ್ತು.

"ನಡಿ, ಡಾಕ್ಟರಿಗೆ ತೋರ್ಸೂಣು," ಎಂದರು ಅಜ್ಜ.

"ಕೈಲೆ ಹಚ್ಚೀನಂದ್ರ ಬೈತಾರ್ರಿ."

"ಬೈದ್ರ ನನಗ ಬೈಲಿ. ನೀ ಕೈ ಅಷ್ಟ ತೋರ್ಸು."

ಡಾಕ್ಟರು ಎರಡೂ ಕೈಗಳನ್ನು ಮೇಜಿನ ಮೇಲೆ ಇಡಿಸಿ ನೋಡಿದರು. "ಬಲಗೈಗೆ ಏನ್ ಹಚ್ಚೀಯವಾ?"

"ನನ್ನ ಕಾಲ ಹಚ್ಯಾಳ್ರಿ ಸಾಹೇಬ್ರ," ಎಂದರು ಅಜ್ಜ.

ಡಾಕ್ಟರು ಹೊಟ್ಟೆ ಹಿಡಿದು ನಕ್ಕರು. ಆಮೇಲೆ ಗಂಭೀರವಾದರು. "ಒಂದು ಕೈ ಸಾಕ್ಷಿ ಸಾಲೂದಿಲ್ಲ. ಬಲಗೈಗೆ ಬಿಡು, ಎಡಗೈಗಷ್ಟ ಹಚ್ಚು. ಎಲ್ಲೆರೆ ರಕ್ತ ಬಂದ್ರ ತಡಾ ಮಾಡಬ್ಯಾಡ, ಓಡಿ ಬಾ."

ಹದಿನೈದು ದಿನಕ್ಕೆ ಎಡಗೈ ಮೆತ್ತಗಾಗತೊಡಗಿತು. ಬಲಗೈ ಮತ್ತೆ ತುರಿಸತೊಡಗಿತು. ತುರಿಕೆ ಬಂತೆಂದು ಡಾಕ್ಟರಿಗೆ ತೋರಿಸಲು ಹೊರಟ ಬಸ್ಸಿನಲ್ಲಿ ನಗುತ್ತ ಕುಳಿತವಳು ನಾನೊಬ್ಬಳೇ ಇರಬೇಕು. "ಔಷಧದ್ದ ಗುಣ ನೋಡವಾ!" ಎಂದು ಡಾಕ್ಟರು ಮೇಜು ಬಡಿದರು. ಎಲ್ಲರ ಕೈಗೂ ಹೀಗೇ ಆಗುತ್ತದೆನ್ನಲಾರೆ ಎಂದೂ ಹೇಳಿ, ನನ್ನಿಂದ ಎಲ್ಲ ಕೇಳಿ ತಮ್ಮ ವಹಿಯಲ್ಲಿ ಬರೆದುಕೊಂಡರು. ನಾನಾಡಿದ ಮಾತನ್ನು ಒಬ್ಬರು ಬರೆದುಕೊಂಡದ್ದು ಅದೇ ಮೊದಲು. ಆಮೇಲೆ ಎರಡೂ ಕೈಗೆ ಹಚ್ಚಲು ಹೇಳಿದರು; ಲಗ್ನದ ಹೊತ್ತಿಗೆ ಎರಡೂ ವಾಸಿಯಾದವು.

ಬಬಲೇಶ್ವರದಲ್ಲಿ ಹೆಂಗಸರು ಆಗಲೇ ಹಿಟ್ಟಿನ ಸುತ್ತ ಕುಳಿತಿದ್ದರು. ವೈನಿಯ ಮುಂದೆ ಎರಡೂ ಅಂಗೈ ಚಾಚಿದೆ. ಅವಳು ತಿರುಗಿಸಿ ತಿರುಗಿಸಿ ನೋಡಿದಳು.

"ಯವ್ವಾ, ಯಾರ ಕೈ ಎರವಲ ತಂದೀಯೇ?"

"ರೊಟ್ಟಿ ಬಡಿಯೂದರ ನೆನಪೈತೋ ಇಲ್ಲೋ, ಕೇಳ್ರಿ," ಎಂದಳೊಬ್ಬಳು.

ಕುದಿನೀರಿನ ಹಿಟ್ಟು ನಾದಿದೆ. ಕೈ ಉರಿಯಲಿಲ್ಲ. ಮೊದಲ ರೊಟ್ಟಿ ಹಂಚಿನ ಮೇಲೆ ಪೂರಿಯಂತೆ ಉಬ್ಬಿತು. ನನ್ನ ಜೊತೆ ಬಂದಿದ್ದ ಅತ್ತೆ ಕೈ ಚಾಚಿ, ಎಲ್ಲರೆದುರು ಒಂದು ತುಂಡು ಮುರಿದು ಬಾಯಿಗೆ ಹಾಕಿಕೊಂಡರು.

"ಏನ್ ನೋಡ್ತೀ? ಇನ್ನೊಂದ ಬಡಿ," ಎಂದರು.

ಸಂಜೆಯವರೆಗೆ ಬಡಿದೆ.